ಉಷ್ಣದ ಸೂಜಿ

ಉಷ್ಣ ಎಂಬ ಒಂದು ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಬಳ್ಳಾರಿಯಲ್ಲಿ ಕಣ್ಣು ಕೆಂಪಾದರೆ ಉಷ್ಣ, ಬಾಯಲ್ಲಿ ಹುಣ್ಣಾದರೆ ಉಷ್ಣ, ಕೂದಲು ಉದುರಿದರೆ ಉಷ್ಣ, ಸೊಸೆ ಸಿಡುಕಿದರೆ ಅದೂ ಉಷ್ಣ. ಊರು ಹಾಗಿದೆ, ಒಪ್ಪುತ್ತೇನೆ. ಬೇಸಿಗೆಯಲ್ಲಿ ಕಂಟೋನ್ಮೆಂಟಿನ ನಮ್ಮ ಮನೆಯ ನಲ್ಲಿ ತಿರುಗಿಸಿದರೆ ಬೆಳಿಗ್ಗೆ ಒಂಬತ್ತಕ್ಕೇ ಕಾಯಿಸಿದಂಥ ನೀರು ಬರುತ್ತದೆ. ಆದರೆ ಮೂತ್ರದಲ್ಲಿ ಕೀವು ಹೋದರೂ ಉಷ್ಣ, ಹೇಳಬಾರದ ಜಾಗದಲ್ಲಿ ಗುಳ್ಳೆ ಎದ್ದರೂ ಉಷ್ಣ ಎಂದರೆ ನಾನೇನು ಮಾಡಲಿ? ನನ್ನ ಕೆಲಸವೇ ಅದು. ಲೈಂಗಿಕ ಸೋಂಕು ತಗಲಿದವರ ಜೊತೆ ಕೂತು ಮಾತಾಡುವುದು, ಅವರ ರಕ್ತ ಪರೀಕ್ಷೆ ಮಾಡಿಸುವುದು, ಔಷಧಿ ಮುಗಿಸುವ ತನಕ ಬೆನ್ನು ಹತ್ತುವುದು. ಆಸ್ಪತ್ರೆಯ ಕಾಗದಗಳಲ್ಲಿ ನನ್ನನ್ನು ಆಪ್ತ ಸಮಾಲೋಚಕಿ ಎಂದು ಬರೆಯುತ್ತಾರೆ. ನನ್ನ ಯಜಮಾನರು ಕೇಳಿದವರಿಗೆಲ್ಲ “ರಕ್ತ ಪರೀಕ್ಷೆ ಕಡೆ ಅದಾಳ” ಎಂದು ಹೇಳಿ ಮಾತು ಬದಲಿಸುತ್ತಾರೆ. ಹದಿನೈದು ವರ್ಷವಾಯಿತು, ಅವರ ಬಾಯಿಂದ ನನ್ನ ಕೆಲಸದ ಹೆಸರು ಹೊರಟಿಲ್ಲ.

ನನ್ನ ಕೋಣೆ ಉದ್ದನೆಯ ಪಡಸಾಲೆಯ ಕಟ್ಟಕಡೆಗಿದೆ. ಮಗ್ಗುಲಲ್ಲಿ ನಾಯಿ ಕಚ್ಚಿದವರಿಗೆ ಸೂಜಿ ಹಾಕುವ ಕೋಣೆ. ಯಾರೋ ಪುಣ್ಯಾತ್ಮರು ಬೇಕೆಂದೇ ಮಾಡಿದ ಏರ್ಪಾಡಿರಬೇಕು. ನನ್ನ ಹತ್ತಿರ ಬರುವವರಿಗೆ ಪಡಸಾಲೆಯಲ್ಲಿ ಗುರುತಿನವರು ಎದುರಾದರೆ ಹಿಂದೆಮುಂದೆ ನೋಡದೆ “ನಾಯಿ ಕಚ್ಚೇತಿ” ಎಂದುಬಿಡುತ್ತಾರೆ. ಒಮ್ಮೆ ಒಬ್ಬ ಹಿರಿಯರನ್ನು ಅವರ ಬೀಗರೇ ತಡೆದು ನಿಲ್ಲಿಸಿ, ಎಲ್ಲಿ ಕಚ್ಚಿತು, ಸಾಕಿದ್ದೋ ಬೀದಿಯದೋ, ಬಣ್ಣ ಯಾವುದು ಎಂದು ವಿಚಾರಿಸಿದ್ದೇ ವಿಚಾರಿಸಿದ್ದು. ಬಾಗಿಲ ಸಂದಿಯಿಂದ ನೋಡುತ್ತ ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದೆ.

ಕಾಯಿಲೆಗಿಂತ ನನಗೆ ಹೆಚ್ಚು ಕಾಟ ಕೊಡುವುದು ಮಾತು. ಗೋಡೆಯ ಮೇಲಿನ ಪಟದಲ್ಲಿ ‘ನಿಮ್ಮ ಸಂಗಾತಿಗೂ ಚಿಕಿತ್ಸೆ ಕೊಡಿಸಿ’ ಎಂದು ಅಚ್ಚು ಹಾಕಿಸಿದ್ದಾರೆ. ಎಲ್ಲೋ ಫ್ಯಾನಿನ ಕೆಳಗೆ ಕೂತು ಬರೆದವರಿಗೆ ಸಂಗಾತಿ ಎಂದರೆ ಗಂಡ, ಹೆಂಡತಿ, ಕೂಡಿದವರು. ನಮ್ಮ ಕಡೆ ಅದು ಭಜನೆಯಲ್ಲಿ ಬರುವ ಮಾತು. ನಾನು ಜಾಣತನ ತೋರಿಸಿ, “ಮುಂದಿನ ವಾರ ಜೋಡಿ ಕರ್ಕೊಂಡು ಬರ್ರಿ” ಎನ್ನಲು ಶುರು ಮಾಡಿದೆ. ನಮ್ಮಲ್ಲಿ ಜೋಡಿ ಎಂದರೆ ಜೊತೆಗೆ ಬರುವವರು ಯಾರಾದರೂ ಆದೀತು ಎನ್ನುವುದು ಹೊಳೆಯಲಿಲ್ಲ. ಸಂಗನಕಲ್ಲಿನವನೊಬ್ಬ ತನ್ನ ಸೋದರಮಾವನನ್ನು ಕರೆತಂದ. “ಜೋಡಿ ಅಂದ್ರಲ್ರಿ ಮೇಡಂ, ಇವ್ರಿಗೆ ಬಸ್ಸಿನ ಟೈಮೆಲ್ಲಾ ಗೊತ್ತೈತಿ” ಎಂದ. ಮಾವ ಎದುರಿನ ಕುರ್ಚಿಯಲ್ಲಿ ಗಂಭೀರವಾಗಿ ಕೂತು ನಾನು ಏನು ಹೇಳಿದರೂ ತಲೆಯಾಡಿಸಿದರು.

ಇದನ್ನೆಲ್ಲ ನಗುತ್ತಾ ಹೇಳಬಹುದು. ಈಗ ಹೇಳಹೊರಟಿರುವುದನ್ನು ನಗುತ್ತಾ ಹೇಳಲು ನನಗೆ ಬರುವುದಿಲ್ಲ, ಯಾಕೆಂದರೆ ಅದರಲ್ಲಿ ತಪ್ಪು ನನ್ನದೂ ಇದೆ.

ಹೋದ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಕುರುಗೋಡಿನ ಒಬ್ಬ ಬಂದ. ಇಪ್ಪತ್ತೇಳು ಇಪ್ಪತ್ತೆಂಟರ ವಯಸ್ಸು. ಬಳ್ಳಾರಿಯ ಜೀನ್ಸ್ ಹೊಲಿಯುವ ಒಂದು ಘಟಕದಲ್ಲಿ ಇಸ್ತ್ರಿ ಕೆಲಸ. ವಾರವೆಲ್ಲ ಇಲ್ಲೇ ರೂಮಿನಲ್ಲಿದ್ದು ಭಾನುವಾರ ಊರಿಗೆ ಹೋಗುತ್ತಿದ್ದ. ಮೂತ್ರಕ್ಕೆ ಹೋದರೆ ಉರಿ, ಕೀವು. ಮೂರು ವಾರ ಕಾಮಕಸ್ತೂರಿ ಬೀಜ ನೆನೆಸಿ ಕುಡಿದಿದ್ದ. ಅದು ಬಗ್ಗದಿದ್ದಾಗ ಔಷಧಿ ಅಂಗಡಿಯವನು ಕೊಟ್ಟ ಯಾವುದೋ ಗುಳಿಗೆ ನುಂಗಿದ್ದ.

“ಉಷ್ಣ ಆಗೇತ್ರಿ ಮೇಡಂ. ದಿನಾ ಹಬಿ ಇಸ್ತ್ರಿ ಮುಂದ ನಿಂದರ್ತೀನಿ, ಆಗಲಾರದ ಇರತೈತೇನ್ರಿ?”

ಡಾಕ್ಟರು ಎಲ್ಲ ರಕ್ತ ಪರೀಕ್ಷೆ ಬರೆದುಕೊಟ್ಟರು. ಉರಿಗೆ ಕಾರಣವಾದ ಸೋಂಕು ಒಂದಾದರೆ, ರಕ್ತದಲ್ಲಿ ಸಿಫಿಲಿಸ್ ಬೇರೆ ಇತ್ತು. ಹಿಂದೆ ಯಾವಾಗಾದರೂ ಹುಣ್ಣಾಗಿತ್ತೇ ಎಂದು ಕೇಳಿದೆ. ನೆಲ ನೋಡುತ್ತಾ, “ಎರಡು ವರ್ಷದ ಹಿಂದ ಒಂದು ಗುಳ್ಳಿ ಆಗಿತ್ರಿ. ನೋವಿರಲಿಲ್ಲ. ತಾನಾ ಮಾಯ್ತು” ಎಂದ. ಈ ರೋಗದ ಮೋಸವೇ ಅದು. ಹುಣ್ಣು ಮಾಯುತ್ತದೆ, ರೋಗ ಒಳಗೆ ಸದ್ದಿಲ್ಲದೆ ಉಳಿದುಕೊಂಡಿರುತ್ತದೆ.

“ಮದುವಿ ಆಗೇತೇನು?”

“ಆಗೇತ್ರಿ. ವರ್ಷದ ಮ್ಯಾಲಾತು.”

“ಮನ್ಯಾಕಿ ಆರಾಮದಾಳೇನು?”

“ಆರಾಮದಾಳ್ರಿ. ಬಸುರಿ ಅದಾಳ. ಏಳು ತಿಂಗಳು.”

ನನ್ನ ಕೈಯಲ್ಲಿದ್ದ ಪೆನ್ನು ನಿಂತಿತು. ತಾಯಿಗೆ ಸಿಫಿಲಿಸ್ ಇದ್ದರೆ ಅದು ಕೂಸಿಗೂ ದಾಟುತ್ತದೆ. ಹೊಟ್ಟೆಯಲ್ಲೇ ತೀರಿಕೊಳ್ಳಬಹುದು, ಹುಟ್ಟಿದ ಮೇಲೆ ಎಲುಬು, ಕಣ್ಣು, ಕಿವಿ ಯಾವುದಕ್ಕಾದರೂ ತಗಲಬಹುದು. ತಡೆಯುವುದು ಕಷ್ಟವೇನಲ್ಲ. ವಾರಕ್ಕೊಂದರಂತೆ ಮೂರು ಪೆನ್ಸಿಲಿನ್ ಸೂಜಿ. ನಮ್ಮ ಅಜ್ಜಿಯರ ಕಾಲದ ಔಷಧಿ. ಆಮೇಲೆ ತಿಳಿದಂತೆ, ಅವಳ ಮೂರನೇ ತಿಂಗಳಲ್ಲಿ ಆಗಬೇಕಿದ್ದ ರಕ್ತ ಪರೀಕ್ಷೆ, ಆ ದಿನ ಕಿಟ್ಟು ಮುಗಿದಿತ್ತು ಎಂಬ ಕಾರಣಕ್ಕೆ ಆಗಿರಲಿಲ್ಲ. ಆಮೇಲೆ ಯಾರಿಗೂ ಅದು ನೆನಪೂ ಆಗಿರಲಿಲ್ಲ. ತಾಯಿ ಕಾರ್ಡಿನಲ್ಲಿ ಆ ಒಂದು ಚೌಕ ಖಾಲಿ ಉಳಿದಿತ್ತು, ಅಷ್ಟೆ. ನೆನೆಸಿಕೊಂಡರೆ ಈಗಲೂ ಹಲ್ಲು ಕಡಿಯುವಂತಾಗುತ್ತದೆ.

ಅವನು ಗುರುವಾರ ಹೆಂಡತಿಯನ್ನು ಕರೆತಂದ. ಜೊತೆಗೆ ತನ್ನ ತಾಯಿಯನ್ನೂ. ಹುಡುಗಿಗೆ ಇಪ್ಪತ್ತೊಂದು ಇಪ್ಪತ್ತೆರಡು ಇದ್ದೀತು, ಬಂದು ಹೋಗುವವರೆಗೆ ಬಾಯಿಬಿಟ್ಟು ಎರಡು ಮಾತಾಡಲಿಲ್ಲ. ಅವಳ ರಕ್ತದಲ್ಲೂ ಅದೇ ಬಂತು. ಸ್ವಲ್ಪ ಹೊರಗೆ ಕೂತಿರಿ, ಇವಳ ಹತ್ತಿರ ಮಾತಾಡಬೇಕು ಎಂದು ಅತ್ತೆಗೆ ಹೇಳಿದೆ.

“ನನ್ನ ಮುಂದ ಹೇಳಲಾರದ್ದು ಏನೈತವ್ವಾ? ನಾನೇನ್ ಹೊರಗಿನಾಕೀನ?” ಎಂದು ಆಕೆ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು.

ಮಗ ಬಾಗಿಲಲ್ಲಿ ನಿಂತು ನನಗೆ ಮಾತ್ರ ಕಾಣುವಂತೆ ಎರಡೂ ಕೈ ಜೋಡಿಸಿದ್ದ. ಹೊರಗೆ ಹನ್ನೊಂದು ಜನ ಕಾಯುತ್ತಿದ್ದರು. ಪ್ರಯೋಗಶಾಲೆಯವರು ಎರಡು ಸಲ ಕೂಗಿದ್ದರು. ನಾನು ಮಾಡಬೇಕಾಗಿದ್ದದ್ದು ಸ್ಪಷ್ಟವಿತ್ತು. ಅತ್ತೆಯನ್ನು ಎಬ್ಬಿಸಿ ಕಳಿಸಬೇಕಿತ್ತು, ಹುಡುಗಿಗೆ ಅವಳ ರೋಗದ ಹೆಸರು ಹೇಳಬೇಕಿತ್ತು. ಹದಿನೈದು ವರ್ಷದಿಂದ ಬೇರೆಯವರಿಗೆ ತರಬೇತಿ ಕೊಟ್ಟದ್ದು ಅದನ್ನೇ. ಆದರೆ ಅವತ್ತು ನನ್ನ ನಾಲಿಗೆ ಸುಲಭದ ದಾರಿ ಹಿಡಿಯಿತು.

“ರಕ್ತದಾಗ ಉಷ್ಣ ಆಗೇತವ್ವಾ. ಉಷ್ಣದ ಸೂಜಿ ಐತಿ, ವಾರಕ್ಕ ಒಂದರಂಗ ಮೂರು ಹಾಕಿಸಬೇಕು” ಎಂದೆ.

ಅತ್ತೆಯ ಮುಖ ಸಡಿಲಾಯಿತು. ಮಗನ ಮುಖವಂತೂ ಅರಳಿಯೇ ಬಿಟ್ಟಿತು. ಮೊದಲ ಸೂಜಿ ಅವತ್ತೇ ಆಯಿತು. ಎರಡೂ ಕುಂಡಿಗೆ ಹಾಕುವ ಗಟ್ಟಿ ಔಷಧಿ ಅದು, ಹುಡುಗಿ ಕಾಲೆಳೆಯುತ್ತಾ ಹೋದಳು. ಅವನೂ ಅವತ್ತೇ ಹಾಕಿಸಿಕೊಂಡ. ನಾನು ಮುಂದಿನವರನ್ನು ಕರೆದೆ.

ಮುಂದಿನ ಗುರುವಾರ ಅವನೊಬ್ಬನೇ ಬಂದ. ಅವಳೆಲ್ಲಿ ಎಂದರೆ, “ಕುಬಸದ ಶಾಸ್ತ್ರ ಆತ್ರಿ. ತವರುಮನಿಗೆ ಹೋದ್ಲು, ಸಿರುಗುಪ್ಪಿ ಕಡಿ. ಅಲ್ಲೇ ಹಾಕಿಸ್ತಾರ್ರಿ” ಎಂದ. ತಾನು ಎರಡನೆಯದು ಹಾಕಿಸಿಕೊಂಡ. ಚೀಟಿ ಬರೆದುಕೊಟ್ಟೆ, ಸಿರುಗುಪ್ಪದ ಆಸ್ಪತ್ರೆಗೂ ಫೋನು ಮಾಡಿದೆ. ಮೂರನೇ ಗುರುವಾರವೂ ಒಬ್ಬನೇ. “ಹಾಕಿಸ್ಯಾರಂತ ಮೇಡಂ” ಎಂದ. ಯಾರು ಹೇಳಿದರು? “ಹಾಕಿಸಿರ್ತಾರ ಬಿಡ್ರಿ” ಎಂದ. ‘ಅಂತ’ ಇದ್ದದ್ದು ‘ಇರ್ತಾರ’ ಆಯಿತು. ತನ್ನ ಮೂರನೇ ಸೂಜಿ ಹಾಕಿಸಿಕೊಂಡು, ಆಯಿತಲ್ಲ ಎಂದು ಕೇಳಿಕೊಂಡು ಹೊರಟುಹೋದ.

ನಾನು ಫೋನು ಹಿಡಿದೆ. ಕುರುಗೋಡಿನ ಆಶಾ ಕಾರ್ಯಕರ್ತೆ, “ತವರಿಗೆ ಹೋಗ್ಯಾಳಕ್ಕಾ, ನನ್ನ ಏರಿಯಾದಾಗಿಲ್ಲ” ಎಂದಳು. ತವರಿನ ಕಡೆಯವಳು, “ನನ್ನ ರಿಜಿಸ್ಟರಿನಾಗ ಆಕಿ ಹೆಸರಿಲ್ಲಕ್ಕಾ, ಅತ್ತಿಮನಿಯಾಗ ಐತಿ” ಎಂದಳು. ಸಿರುಗುಪ್ಪದ ಆಸ್ಪತ್ರೆಯಲ್ಲಿ, ಅಂಥವರು ಯಾರೂ ಬಂದಿಲ್ಲ ಎಂದರು. ಹೊಟ್ಟೆ ಮುಂದೆ ಬಂದ ಒಬ್ಬ ಹೆಣ್ಣುಮಗಳು ಒಂದೇ ಜಿಲ್ಲೆಯೊಳಗೆ ಯಾರ ಪುಸ್ತಕದಲ್ಲೂ ಇರಲಿಲ್ಲ. ನಡುವೆ ಇಷ್ಟು ದಿನ ಬಿಟ್ಟರೆ ಮತ್ತೆ ಒಂದರಿಂದ ಶುರು ಮಾಡಬೇಕು. ದಿನ ತುಂಬುತ್ತಾ ಬಂದಿತ್ತು. ಹೆರಿಗೆಗೆ ತಿಂಗಳಿದೆ ಎನ್ನುವಾಗಲೇ ಮೂರೂ ಮುಗಿಯದಿದ್ದರೆ ಕೂಸಿನ ಬಗ್ಗೆ ಯಾರೂ ಭರವಸೆ ಕೊಡುವಂತಿಲ್ಲ.

ಶನಿವಾರ ರಜೆ ಹಾಕಿ ಸಿರುಗುಪ್ಪದ ಬಸ್ಸು ಹತ್ತಿದೆ. ಅಲ್ಲಿಂದ ಆಟೋ. ರಸ್ತೆಯ ಒಂದು ಮಗ್ಗುಲಿನಲ್ಲಿ ಉದ್ದಕ್ಕೂ ಭತ್ತ ಒಣಹಾಕಿದ್ದರು, ಆಟೋದವನು ಬೈಯುತ್ತಾ ಇನ್ನೊಂದು ಮಗ್ಗುಲಿಗೇ ಓಡಿಸಿದ. ಮನೆ ಸಿಕ್ಕಿತು. ಆಸ್ಪತ್ರೆಯಿಂದ ಬಂದಿದ್ದೇನೆ, ಬಸುರಿಯನ್ನು ನೋಡಬೇಕು ಎಂದೆ. ಹುಡುಗಿಯ ತಾಯಿ ಚಾಪೆ ಹಾಸಿ ಮಜ್ಜಿಗೆ ಕೊಟ್ಟಳು. ನನ್ನಷ್ಟೇ ವಯಸ್ಸು, ಗಟ್ಟಿ ದನಿ, ಮುಚ್ಚುಮರೆಯಿಲ್ಲದ ಹೆಣ್ಣುಮಗಳು.

“ಸೂಜಿ ಯಾಕ ಹಾಕಿಸಲಿಲ್ಲ?” ಎಂದೆ.

ಆಕೆ ನನ್ನನ್ನು ಬುದ್ಧಿಯಿಲ್ಲದವಳನ್ನು ನೋಡುವಂತೆ ನೋಡಿದಳು. “ಬಸುರಿಗೆ ಉಷ್ಣದ ಸೂಜಿ ಯಾರಾರ ಹಾಕ್ತಾರೇನ್ರಿ? ನಾವು ಪಪ್ಪಾಯಿ ಸೈತ ತಿನ್ನಿಸಾಂಗಿಲ್ಲ. ನೀವು ಸೂಜೀಲೇ ಉಷ್ಣ ಹಾಕ್ತೀರಲ್ಲ, ಕೂಸು ಉಳಿಬೇಕೋ ಬ್ಯಾಡೋ? ಹಾಕಿಸ್ಕೊಂಡು ಬಂದ ದಿನಾನ ಮೈ ಕೆಂಡ ಆಗಿತ್ತಂತ!”

ಉಷ್ಣದ ಸೂಜಿ ಎಂದು ನಾನು ಹೇಳಿದ್ದು ಉಷ್ಣಕ್ಕೆ ಹಾಕುವ ಸೂಜಿ ಎಂಬ ಅರ್ಥದಲ್ಲಿ. ಆಕೆ ಕೇಳಿಸಿಕೊಂಡದ್ದು ಉಷ್ಣ ಮಾಡುವ ಸೂಜಿ ಎಂದು. ಎರಡೂ ಶುದ್ಧ ಕನ್ನಡವೇ. ಪಕ್ಕದ ಮನೆಯ ತೆಲುಗಿನವರಿಗೆ ಆಕೆ ಅದನ್ನು ‘ವೇಡಿ ಸೂದಿ’ ಎಂದು, ಅಂದರೆ ಬಿಸಿ ಸೂಜಿ ಎಂದು ಹೇಳಿದ್ದಳು. ಅವರು ಅಮ್ಮೋ ಎಂದು ಕೆನ್ನೆಗೆ ಕೈ ಹಚ್ಚಿಕೊಂಡು, ಬೇಡವೇ ಬೇಡ ಎಂದಿದ್ದರು. ಅಲ್ಲಿಗೆ ತೀರ್ಮಾನವಾಗಿತ್ತು. ಮೊದಲ ಸೂಜಿಯಾದ ದಿನ ಜ್ವರ ಬರುವುದು ಈ ರೋಗದಲ್ಲಿ ಸಾಮಾನ್ಯ, ಔಷಧಿ ಕೆಲಸ ಮಾಡಿತು ಎಂದೇ ಅರ್ಥ. ಅದನ್ನೂ ನಾನು ಹೇಳಿರಲಿಲ್ಲ. ಈ ತಾಯಿ ಎರಡು ವಾರದಿಂದ ಮಗಳ ನೆತ್ತಿಗೆ ಹರಳೆಣ್ಣೆ ಒತ್ತಿ, ಅಂಬಲಿ, ಮಜ್ಜಿಗೆ, ಎಳನೀರು ಕುಡಿಸಿ, ನಾನು ಹಾಕಿಸಿದ ಉಷ್ಣವನ್ನು ಇಳಿಸುತ್ತಿದ್ದಳು. ನನಗೆ ಬಂದ ಸಿಟ್ಟು ಆಕೆಯ ಮೇಲಲ್ಲ. ಆಕೆ ಮಾಡಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಆ ಮಾತು ಕೊಟ್ಟವಳು ನಾನು.

“ನಿಮ್ಮ ಮಗಳ ಕೂಡ ಸ್ವಲ್ಪ ಮಾತಾಡಬೇಕು. ಒಬ್ಬಾಕಿನ ಕೂಡ” ಎಂದೆ. ಈ ಸಲ ನನ್ನ ದನಿ ಹೇಗಿತ್ತೋ, ತಾಯಿ ಎದ್ದು ಹೊರಗೆ ಹೋದಳು.

ಹುಡುಗಿ ಗೋಡೆಗೆ ಒರಗಿ ಕೂತಿದ್ದಳು. ನಾನು ಸುತ್ತುಬಳಸಲಿಲ್ಲ. ಉಷ್ಣ ಅಲ್ಲ ತಂಗಿ, ಅವತ್ತು ನಾನು ಸುಳ್ಳು ಹೇಳಿದೆ ಎಂದೆ. ಇದರ ಹೆಸರು ಸಿಫಿಲಿಸ್, ಕೂಡುವುದರಿಂದ ಒಬ್ಬರಿಂದ ಒಬ್ಬರಿಗೆ ಬರುತ್ತದೆ, ಹೊಟ್ಟೆಯಲ್ಲಿರುವುದಕ್ಕೂ ಹೋಗುತ್ತದೆ, ಸೂಜಿಯಿಂದ ವಾಸಿಯಾಗುತ್ತದೆ ಎಂದು ಒಂದೊಂದಾಗಿ ಹೇಳಿದೆ. ಅವಳು ಅಳಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳುತ್ತಲೇ ಇದ್ದಳು.

“ಕೂಸು ಉಳಿತೈತೇನ್ರಿ ಅಕ್ಕಾರ?”

“ಇವತ್ತಿಂದ ಶುರು ಮಾಡಿದ್ರ ಉಳಿಯೋದು ಭಾಳ ಐತಿ. ಇನ್ನೂ ಬಿಟ್ರ ನನಗ ಹೇಳಾಕ ಬರಂಗಿಲ್ಲ.”

“ಅವ್ರು ಹಾಕಿಸ್ಕೊಂಡಾರೇನ್ರಿ?” ಎಂದಳು.

ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳುವಂತಿಲ್ಲ. ಗಂಡನದು ಹೆಂಡತಿಗೂ ಇಲ್ಲ, ಅವನು ಒಪ್ಪಿದರೆ ಮಾತ್ರ. ಆ ನಿಯಮ ನಾನು ಯಾವತ್ತೂ ಮುರಿದಿಲ್ಲ, ಅವತ್ತೂ ಮುರಿಯಲಿಲ್ಲ. ಬಾಯಿ ಬಿಡಲಿಲ್ಲ. ಆದರೆ ಮುಖವನ್ನು ಎಲ್ಲಿ ಬಚ್ಚಿಡುವುದು? ಅವಳು ನನ್ನ ಮುಖವನ್ನೇ ನೋಡಿದಳು.

“ಮೂರೂ?” ಎಂದಳು.

ನಾನು ಖಾಲಿ ಲೋಟವನ್ನು ತಿರುಗಿಸುತ್ತಾ ಕೂತೆ. ಅವಳು ಗೋಡೆ ಹಿಡಿದು ನಿಧಾನಕ್ಕೆ ಎದ್ದು, “ಅವ್ವಾ, ಚಲೋ ಸೀರಿ ಕೊಡು. ದವಾಖಾನಿಗೆ ಹೊಂಟೀನಿ” ಎಂದು ಹೊರಗೆ ಕೂಗಿದಳು. ತಾಯಿ ಬಾಗಿಲಿಗೆ ಬಂದು, ಸೂಜಿ ಬೇಡ ಎಂದು ಮತ್ತೆ ಶುರು ಮಾಡಿದಳು. ಹುಡುಗಿ ಆಕೆಯನ್ನು ಒಳಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು. ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ಹೊರಗೆ ಬಂದಾಗ ತಾಯಿ ಚಪ್ಪಲಿ ಮೆಟ್ಟಿಕೊಂಡಿದ್ದಳು, ನನ್ನ ಜೊತೆ ಮಾತಾಡಲಿಲ್ಲ, ಆಟೋದಲ್ಲಿ ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದು ಕೂತಳು.

ಅವತ್ತು ಸಿರುಗುಪ್ಪದಲ್ಲಿ ಮತ್ತೆ ಒಂದನೆಯ ಸೂಜಿ ಆಯಿತು. ಆಮೇಲಿನ ಎರಡು ಸೂಜಿಗೂ ತಾಯಿಯೇ ಕರೆದುಕೊಂಡು ಹೋದಳು. ಒಂದು ದಿನವೂ ತಪ್ಪಲಿಲ್ಲ. ಪ್ರತಿ ಸಲ ಮುಗಿದ ಮೇಲೆ ಹುಡುಗಿ ನನಗೆ ಫೋನು ಮಾಡಿ, “ಆತ್ರಿ ಅಕ್ಕಾರ” ಎಂದಷ್ಟೇ ಹೇಳಿ ಇಡುತ್ತಿದ್ದಳು. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ದಿನ ಎಣಿಸುತ್ತಿದ್ದೆ. ಮೂರನೇ ಸೂಜಿಯಾಗಿ ಮೂವತ್ತು ದಿನ ಕಳೆದ ಮೇಲೆ ಹೆರಿಗೆಯಾದರೆ ಒಳ್ಳೆಯದಿತ್ತು. ಇಪ್ಪತ್ತಮೂರನೇ ದಿನ ಸಿರುಗುಪ್ಪದಲ್ಲಿ ಹೆರಿಗೆಯಾಯಿತು. ಹೆಣ್ಣು ಕೂಸು. ಸಣ್ಣದು, ಆದರೆ ಜೋರಾಗಿ ಅತ್ತಿತಂತೆ.

ಏಳು ದಿನ ಕಡಿಮೆ ಬಿತ್ತು. ನಾನು ಆ ಗುರುವಾರ ಉಳಿಸಿಕೊಂಡ ಹತ್ತು ನಿಮಿಷಕ್ಕೆ ಹೋದ ದಿನಗಳು ಅವು. ಮಕ್ಕಳ ಡಾಕ್ಟರು, ಕೂಸಿಗೆ ತಗಲಿಲ್ಲ ಎಂದು ಹೇಳಲಾಗದು, ಹತ್ತು ದಿನ ದಿನಕ್ಕೊಂದು ಪೆನ್ಸಿಲಿನ್ ಹಾಕಲೇಬೇಕು ಎಂದು ಬಳ್ಳಾರಿಗೆ ಕರೆಸಿಕೊಂಡರು. ದಿನಾ ಬೆಳಿಗ್ಗೆ ಹತ್ತಕ್ಕೆ ತೊಡೆಗೆ ಸೂಜಿ. ಸೂಜಿಗಿಂತ ದಪ್ಪವಿಲ್ಲದಂಥ ತೊಡೆ ಎಂದು ನನಗನ್ನಿಸುತ್ತಿತ್ತು. ಕೆಲಸದ ನಡುವೆ ಹೋಗಿ ನಿಲ್ಲುತ್ತಿದ್ದೆ. ಹುಡುಗಿ ಕಾಲು ಹಿಡಿದುಕೊಳ್ಳುತ್ತಿದ್ದಳು, ಸಿಸ್ಟರ್ ಚುಚ್ಚುತ್ತಿದ್ದರು, ಕೂಸು ನೀಲಿಗಟ್ಟುವಂತೆ ಚೀರುತ್ತಿತ್ತು. ಅಜ್ಜಿಯಾದವಳು ಪಡಸಾಲೆಯಲ್ಲಿ ಕಿವಿ ಮುಚ್ಚಿಕೊಂಡು ನಿಂತಿರುತ್ತಿದ್ದಳು.

ಏಳನೇ ದಿನ, ಹತ್ತಕ್ಕೆ ಸ್ವಲ್ಪ ಮೊದಲು, ಗಂಡ ನನ್ನ ಕೋಣೆಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಸ್ವೀಟಿನ ಡಬ್ಬಿ. ಬಾಗಿಲು ಮುಚ್ಚಿ ಕೂತ.

“ಆಕಿಗೆ ಯಾಕ ಹೇಳಿದ್ರಿ ಮೇಡಂ? ಫೋನ್ ಎತ್ತವಲ್ಲಳು. ಅತ್ತಿ ನನ್ನ ಮಾರಿ ನೋಡವಲ್ಲರು. ಊರಾಗ ನನ್ನ ಮರ್ಯಾದಿ ಏನಾಗಬೇಕ್ರಿ? ಉಷ್ಣ ಅಂತ ನೀವಾ ಹೇಳಿದ್ರಿ, ಹಂಗಾ ಇರಲಿಕ್ಕೆ ಏನಾಗಿತ್ತು?”

ನಾನು ಅವನ ವಿಷಯ ಹೇಳಿಲ್ಲ, ಅವಳ ವಿಷಯ ಅವಳಿಗೆ ಹೇಳಿದ್ದೇನೆ ಎಂದು ಬಿಡಿಸಿ ಹೇಳಬಹುದಿತ್ತು. ಅಷ್ಟು ತಾಳ್ಮೆ ನನ್ನಲ್ಲಿ ಉಳಿದಿರಲಿಲ್ಲ.

“ಕೂಸು ನೋಡಿದ್ರೇನು?” ಎಂದೆ.

“ಇಲ್ರಿ ಇನ್ನಾ. ಮೊದಲು ನಿಮ್ಮ ಹತ್ರ...”

“ಏಳ್ರಿ” ಎಂದೆ. ನನ್ನ ಕೋಣೆಯಿಂದ ಮಕ್ಕಳ ವಾರ್ಡಿಗೆ ಎರಡು ಮಹಡಿ. ಅಷ್ಟೂ ದೂರ ನಾನು ಹಿಂದೆ ತಿರುಗಿ ನೋಡಲಿಲ್ಲ, ಅವನ ಚಪ್ಪಲಿ ಸದ್ದು ಬರುತ್ತಿತ್ತು.

ಸಿಸ್ಟರ್ ಔಷಧಿ ಎಳೆದುಕೊಂಡು ಸಿದ್ಧವಾಗಿದ್ದರು. ಹುಡುಗಿ ಮಂಚದ ಮೇಲೆ ಕೂಸನ್ನು ಮಲಗಿಸಿ ಬಟ್ಟೆ ಸರಿಸಿ ಕಾಲು ಹಿಡಿದಿದ್ದಳು. ಆರು ದಿನದ ಗುರುತು ಎರಡೂ ತೊಡೆಯ ಮೇಲೆ ನೀಲಿಯಾಗಿ ಕಾಣುತ್ತಿತ್ತು. ಅವಳು ತಲೆಯೆತ್ತಿ ಗಂಡನನ್ನು ನೋಡಿದಳು. ಆಮೇಲೆ ಕೂಸಿನ ಕಾಲಿನಿಂದ ಕೈ ತೆಗೆದು ಪಕ್ಕಕ್ಕೆ ಸರಿದಳು.

“ನೀವು ಹಿಡೀರಿ” ಎಂದಳು.

ಅವನು ಡಬ್ಬಿ ಎಲ್ಲಿಡಬೇಕೆಂದು ತಿಳಿಯದೆ ನನ್ನ ಕಡೆ ನೋಡಿದ. ನಾನು ಕೈ ಚಾಚಲಿಲ್ಲ. ಕಡೆಗೆ ನೆಲದ ಮೇಲಿಟ್ಟು ಎರಡೂ ಕೈಯಿಂದ ಕಾಲು ಹಿಡಿದ. ಸಿಸ್ಟರ್ ಬಾಗಿದ ಕೂಡಲೇ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ.

“ಈ ಕಡಿ ನೋಡ್ರಿ” ಎಂದಳು ಹುಡುಗಿ.

ಅವನು ತಿರುಗಿದ. ಸೂಜಿ ಒಳಗೆ ಹೋಯಿತು, ಕೂಸಿನ ಬಾಯಿ ಅಗಲವಾಗಿ ತೆರೆದು ಎಷ್ಟೋ ಹೊತ್ತಿನ ಮೇಲೆ ದನಿ ಹೊರಟಿತು. ಅವನು ಹಿಡಿದ ಕಾಲು ಬಿಡಲಿಲ್ಲ. ಸಿಸ್ಟರ್ ಹತ್ತಿ ಒತ್ತಿ ಹೊರಟುಹೋದರು. ಹುಡುಗಿ ಕೂಸನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು, ಅದರ ಬೆನ್ನು ತಟ್ಟುತ್ತಾ ಅವನ ಕಡೆ ನೋಡದೆ ಹೇಳಿದಳು:

“ಇನ್ನ ಮೂರು ಅದಾವ. ನಾಳಿ ಹತ್ತಕ್ಕ ಬರ್ರಿ.”